ಗೋಡೆ ದಾಟಿದ ಸೇಡಮ್ಮ

ಹಿತ್ತಲ ಗೋಡೆಯ ಮೇಲೆ ಒಂದು ಮೊಟ್ಟೆ ಕುಳಿತಿದೆ. ಅದರ ಕೆಳಗೆ ಹಿಡಿಯಷ್ಟು ತೊಗರಿ ಹೊಟ್ಟು, ಹೊಟ್ಟಿನ ಕೆಳಗೆ ಅಂಚು ಸೊಟ್ಟಗಾದ ಸ್ಟೀಲ್ ಬಟ್ಟಲು. ಬಟ್ಟಲು ಪಕ್ಕದ ಮನೆಯ ಹಲೀಮಾ ಖಾಲಾ ಅವರದು. ಹೊಟ್ಟೂ ಅವರದೇ. ಮೊಟ್ಟೆ ಮಾತ್ರ ನನ್ನದು. ನನ್ನ ಕೋಳಿ ಅವರ ಮನೆಯಲ್ಲಿ ಮಲಗಿ, ಅವರ ಮನೆಯಲ್ಲೇ ಇಟ್ಟ ಮೊಟ್ಟೆ. ಒಂಬತ್ತು ಗಂಟೆಯ ಹೊತ್ತಿಗೆ ಅವರು ಅದನ್ನು ಹೀಗೆ ಗೋಡೆಯ ಮೇಲಿಟ್ಟು ಒಳಗೆ ಹೋಗಿಬಿಡುತ್ತಾರೆ. ಕೂಗುವುದಿಲ್ಲ. ಕೂಗಿದ್ದರೆ ನಾನು ಏನಾದರೂ ಕೊಂಕು ಆಡಬಹುದಿತ್ತು.

ನಿಮ್ಮದನ್ನು ಯಾರಾದರೂ ಕದ್ದರೆ ಬೀದಿಗೆ ಬಂದು ಬೈಯಬಹುದು. ಮೊಟ್ಟೆಯನ್ನು ಪ್ರಾಮಾಣಿಕವಾಗಿ ಹಿಂದಕ್ಕೆ ಕೊಡುತ್ತ, ಕೋಳಿಯನ್ನು ಮಾತ್ರ ಇಟ್ಟುಕೊಂಡರೆ ಏನು ಮಾಡಬೇಕು? ಈ ಚಳಿಗಾಲದ ಮೊದಲ ಅರ್ಧ ನನಗೆ ಇದೇ ಯೋಚನೆಯಲ್ಲಿ ಹೋಯಿತು. ನಮ್ಮ ಕಡೆ ಖಾಲಿ ಬಟ್ಟಲು ಹಿಂದಕ್ಕೆ ಕೊಡುವ ಪದ್ಧತಿ ಇಲ್ಲ. ಹಾಗಾಗಿ ಬಟ್ಟಲು ತೊಳೆದು, ಅದರಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತುಂಬಿ ಗೋಡೆಯ ಮೇಲಿಡುತ್ತಿದ್ದೆ. ಹೊಟ್ಟೆ ಉರಿಸಿಕೊಂಡು ಕುಟ್ಟಿದ ಹಿಂಡಿ ಎಷ್ಟು ಖಾರ ಇದ್ದೀತು, ನೀವೇ ಊಹಿಸಿ. ಖಾಲಾ ಮಾತ್ರ ಮರುದಿನ, "ಹಿಂಡಿ ಭಾಳ ಛಲೋ ಆಗಿತ್ತು ಮಾದೇವಿ, ಮೂಗಿನಾಗಿಂದ ನೀರು ಬಂದು ನೆಗಡಿ ಹೋತು ನೋಡು" ಎಂದರು. ನನ್ನ ಸಿಟ್ಟು ಅವರಿಗೆ ಔಷಧಿಯಾಗಿತ್ತು.

ಕೋಳಿಗಳ ಹೆಸರು ಹೇಳಿಬಿಡುತ್ತೇನೆ, ಮುಂದೆ ಸುಲಭವಾಗುತ್ತದೆ. ಇದ್ದದ್ದು ಮೂರು. ಸೇಡಂ ಸಂತೆಯಿಂದ ಬಂದವಳು ಸೇಡಮ್ಮ. ಕಂದು ಬಣ್ಣ, ಕುತ್ತಿಗೆಗೆ ಚಿನ್ನದ ಹೊಳಪು, ನಡಿಗೆಯಲ್ಲಿ ತಹಸೀಲ್ದಾರರ ಗತ್ತು. ಚಿಂಚೋಳಿಯಿಂದ ಬಂದ ಕರಿ ಕೋಳಿ ಚಿಂಚೋಳಿ. ಕಾಳಗಿಯಿಂದ ಬಂದ ಚುಕ್ಕಿ ಕೋಳಿ ಕಾಳಗಿ. ಊರಿನ ಹೆಸರಿಟ್ಟರೆ ಮುಂದೆ ಯಾವುದು ಎಲ್ಲಿಯದು ಎಂಬ ಗೊಂದಲ ಇರುವುದಿಲ್ಲ ಎಂದು ನನ್ನ ಲೆಕ್ಕ. ಮನುಷ್ಯರು ಎಲ್ಲಿಂದ ಬಂದರು ಎಂಬುದೇ ನನಗೆ ಮರೆತುಹೋಗುತ್ತದೆ, ಕೋಳಿಯದಾದರೂ ನೆನಪಿರಲಿ.

ಲಿಂಗಾಯತರ ಮನೆಯಲ್ಲಿ ಕೋಳಿ ಯಾಕೆ ಎಂದು ನೀವು ಕೇಳಬಹುದು. ನೀವು ಕೇಳದಿದ್ದರೂ ನಮ್ಮ ಓಣಿ ಕೇಳಿದೆ. ಹೋದ ವರ್ಷ ನಮ್ಮ ಮನೆಯವರು ಜ್ವರ ಹಿಡಿದು ಸೊರಗಿದಾಗ, ದಿನಕ್ಕೊಂದು ಮೊಟ್ಟೆ ತಿನ್ನಿಸಿ ಎಂದು ಡಾಕ್ಟರು ಹೇಳಿದರು. ಮೊಟ್ಟೆಯನ್ನು ಅಂಗಡಿಯಿಂದ ತಂದರೆ ನಾಲ್ಕು ಜನ ನೋಡುತ್ತಾರೆ ಎಂದು ನಾನು ಕೋಳಿಯನ್ನೇ ತಂದೆ. ಕೋಳಿಯನ್ನು ನಲವತ್ತು ಜನ ನೋಡಿದರು. ನನ್ನ ಬುದ್ಧಿ ಕೆಲಸ ಮಾಡುವುದೇ ಹೀಗೆ. ಮೊಟ್ಟೆ ಅಡುಗೆಮನೆಗೆ ಬರಕೂಡದು, ಹಿತ್ತಲಲ್ಲೇ ಬೇಯಬೇಕು, ಅಲ್ಲೇ ಕುಳಿತು ತಿನ್ನಬೇಕು ಎಂದು ನಿಯಮ ಮಾಡಿದೆ. ವಾರ ಕಳೆಯುವುದರೊಳಗೆ ಮನೆಯವರು ಮೊಟ್ಟೆಯನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಖಾಲಾ ಅವರ ಮನೆಗೆ ಹೋಗಿ, ಅವರ ಸೊಸೆಯ ಕೈಯಲ್ಲಿ ಬೇಯಿಸಿಕೊಂಡು ತಿಂದು ಬರತೊಡಗಿದರು.

"ಅಲ್ಲಿ ಉಪ್ಪು, ಮೆಣಸಿನ ಪುಡಿ ಹಾಕಿ ಪ್ಲೇಟಿನಾಗ ಕೊಡ್ತಾರ. ಇಲ್ಲಿ ನೀ ಮೂಗು ಮುಚ್ಚಿಕೊಂಡು ದೂರ ನಿಂತು ನೋಡ್ತಿ. ತತ್ತಿ ಗಂಟಲದಾಗ ಇಳಿಬೇಕಲ್ಲ?" ಎಂದರು.

ಅಂದರೆ ಗೋಡೆ ಮೊದಲು ದಾಟಿದ್ದು ಗಂಡ. ಕೋಳಿ ದಾಟಿದ್ದು ಆಮೇಲೆ.

ನಮ್ಮ ಊರು ಚಿತ್ತಾಪುರ. ಕಲಬುರಗಿ ಸೀಮೆ ಎಂದರೆ ಸಾಕು, ಕೇಳಿದವರು ಬೆವರು ಒರೆಸಿಕೊಳ್ಳುತ್ತಾರೆ. ನಮಗೂ ಒಂದು ಚಳಿ ಇದೆ ಎಂದರೆ ಯಾರೂ ನಂಬುವುದಿಲ್ಲ. ತೊಗರಿ ಕಾಯಿ ಬಲಿತು ಗಿಡ ಒಣಗುವ ಹೊತ್ತಿಗೆ ಬಯಲಿನ ಮೇಲಿಂದ ಒಂದು ಗಾಳಿ ಏಳುತ್ತದೆ. ಅದಕ್ಕೆ ಅಡ್ಡ ನಿಲ್ಲುವಂಥದ್ದು ಇಲ್ಲಿ ಏನೂ ಇಲ್ಲ. ಬೆಳಗಿನ ಜಾವ ವಾಡಿ ಜಂಕ್ಷನ್ನಿನಲ್ಲಿ ಇಳಿದ ಪರ ಊರಿನವರು ತೆಳು ಅಂಗಿಯಲ್ಲಿ ನಡುಗುತ್ತ, ಚಹಾದ ಕಪ್ಪನ್ನು ಎರಡೂ ಕೈಯಿಂದ ಹಿಡಿದು ನಿಂತದ್ದನ್ನು ನೋಡಿದರೆ ನನಗೆ ಏನೋ ತೃಪ್ತಿ. ನೋಡಿದಿರಾ, ನಮ್ಮಲ್ಲೂ ಇದೆ.

ಇನ್ನು ನಮ್ಮ ಚಳಿಯನ್ನು ಹಿಡಿದಿಟ್ಟುಕೊಳ್ಳುವುದು ಕಲ್ಲು. ಶಹಾಬಾದಿನ ಪರಸಿ. ನಮ್ಮ ನೆಲ ಪರಸಿ, ಗೋಡೆಯ ಮಾಡ ಪರಸಿ, ಒಲೆಕಟ್ಟೆ ಪರಸಿ, ಬಟ್ಟೆ ಒಗೆಯುವುದು ಪರಸಿಯ ಮೇಲೆ, ನೀರಿನ ಕೊಡ ಕೂರುವುದು ಪರಸಿಯ ಮೇಲೆ, ಚರಂಡಿ ಮುಚ್ಚುವುದು ಪರಸಿಯಿಂದ. ಹುಟ್ಟಿದ ಕೋಣೆಯ ನೆಲವೂ, ಹೋದ ಮೇಲೆ ಹೆಸರು ಕೊರೆಸುವ ಹಲಗೆಯೂ ಒಂದೇ ಗಣಿಯವು. ಬೇರೆ ಕಡೆಯ ಜನಕ್ಕೆ ಏನಾದರೂ ಕಟ್ಟಬೇಕೆನಿಸಿದರೆ ಮರ, ತಗಡು, ಇಟ್ಟಿಗೆ ನೆನಪಾಗುತ್ತವೆ. ನಮಗೆ ಪರಸಿ. ಯೋಚನೆ ಮಾಡುವ ಮೊದಲೇ ಪರಸಿ.

ನಮ್ಮ ಮನೆಯವರಂತೂ ಶಹಾಬಾದಿನಲ್ಲಿ ಮೂವತ್ತು ವರ್ಷ ಪರಸಿ ಪಾಲಿಶ್ ಮಾಡಿದವರು. ಕೋಳಿಗೂಡು ಕಟ್ಟಿ ಎಂದು ನಾನು ಹೇಳಿದ್ದೇ ತಡ, ಹಳೆಯ ಗೆಳೆಯರಿಂದ ಅಂಚು ಮುರಿದ ಹಲಗೆಗಳನ್ನು ತರಿಸಿ ಒಂದು ಅರಮನೆಯನ್ನೇ ನಿಲ್ಲಿಸಿದರು. ಕೆಳಗೆ ಪರಸಿ, ಮೂರು ಕಡೆ ಪರಸಿ, ಮೇಲೆ ಪರಸಿ. ಮುಂದೆ ಜಾಳಿಗೆಯ ಬಾಗಿಲು. ಕೋಳಿ ಹತ್ತಿ ಕೂರಲು ಒಳಗೆ ಒಂದು ಮೆಟ್ಟಿಲು, ಅದೂ ಪರಸಿ, ಅದಕ್ಕೆ ಪಾಲಿಶ್ ಬೇರೆ. ಅದರಲ್ಲಿ ಮುಖ ಕಾಣುತ್ತಿತ್ತು. ಮೊದಲ ದಿನ ಸೇಡಮ್ಮ ತನ್ನ ಮುಖವನ್ನೇ ಕುಕ್ಕಿದಳು.

ಖಾಲಾ ಗೋಡೆಯ ಮೇಲಿಂದ ಇಣುಕಿ ನೋಡಿ, "ಅರೇ ವ್ಹಾ, ಹಿಂಥಾ ಮನಿ ನನಗ ಕಟ್ಟಿಕೊಟ್ಟಿದ್ರ ನಾನೇ ತತ್ತಿ ಇಡ್ತಿದ್ದೆ" ಎಂದರು.

ಅವರ ಗೂಡನ್ನು ನೀವು ನೋಡಬೇಕಿತ್ತು. ಅವರು ಅದಕ್ಕೆ ದರ್ಬಾ ಎನ್ನುತ್ತಾರೆ. ಹಣ್ಣಿನ ಅಂಗಡಿಯ ಮರದ ಪೆಟ್ಟಿಗೆ ಎರಡು, ತೊಗರಿ ಕಟ್ಟಿಗೆಯ ತಡಿಕೆ, ಅದರ ಮೇಲೆ ಗೋಣಿತಟ್ಟು. ಒಟ್ಟಾರೆ ಯಾರೋ ಬಿಟ್ಟುಹೋದ ಸಾಮಾನಿನ ಗುಡ್ಡೆಯಂತೆ ಕಾಣುತ್ತಿತ್ತು. ಅದರಲ್ಲಿ ಮೊದಲು ನಾಲ್ಕು ಕೋಳಿ ಇದ್ದವು. ಮಳೆಗಾಲದಲ್ಲಿ ಮುಂಗುಸಿ ನುಗ್ಗಿ ಮೂರನ್ನು ಮುಗಿಸಿತು. ಉಳಿದದ್ದು ಒಂದು ಮುದಿ ಬಿಳಿ ಕೋಳಿ, ಹೆಸರು ಬುಡ್ಡಿ. ಆಗ ನಾನು ಖಾಲಾ ಅವರ ಹತ್ತಿರ ಹೋಗಿ ಮರುಗಿ ಬಂದಿದ್ದೆ. ಮರುಗಿದ್ದು ನಿಜ. ನಮ್ಮ ಗೂಡಿಗೆ ಯಾವ ಮುಂಗುಸಿಯೂ ನುಗ್ಗಲಾರದು ಎಂದು ಒಳಗೊಳಗೇ ಹಿಗ್ಗಿದ್ದೂ ನಿಜ.

ಚಳಿ ಬಿದ್ದ ಮೊದಲ ವಾರದಲ್ಲೇ ಒಂದು ಸಂಜೆ ಗೂಡಿನಲ್ಲಿ ಎರಡೇ ಕೋಳಿ. ನಾನು ಗೋಡೆಯ ಹತ್ತಿರ ಹೋಗಿ ಕೇಳಿದೆ.

"ಖಾಲಾ, ನಮ್ಮ ಸೇಡಮ್ಮ ನಿಮ್ಮ ಕಡಿ ಬಂದಾಳೇನ್ರಿ?"

"ಬಂದಾಳ ನೋಡು. ಹೊತ್ತು ಮುಣುಗೋ ಮುಂದ ಬಂದು ಬುಡ್ಡಿ ಬಾಜೂಕ ಕುಂತಾಳ. ಕಣ್ಣೂ ಮುಚ್ಯಾಳ."

"ಎಬ್ಬಿಸ್ರಿ. ಆಕಿಗಿ ಸ್ವಂತ ಮನಿ ಅದ."

"ಮಲಗಿದವರ್ನ ಎಬ್ಬಿಸಬಾರ್ದು ಬೇಟಿ. ಮುಂಜಾನಿ ಬರ್ತಾಳ, ಎಲ್ಲಿ ಹೋಗ್ತಾಳ?"

ಬೆಳಿಗ್ಗೆ ಬಂದಳು. ನನ್ನ ಕೈಯ ಜೋಳ ತಿಂದಳು. ನಾನು ಬಿಸಿ ಮಾಡಿಟ್ಟ ನೀರು ಕುಡಿದಳು. ಸಂಜೆ ಮತ್ತೆ ಗೋಡೆ ಹತ್ತಿದಳು. ಹೀಗೆ ನಾಲ್ಕು ದಿನ, ಆರು ದಿನ. ಹಗಲು ಚಿಕ್ಕದಾದರೆ ಕೋಳಿ ಮೊಟ್ಟೆ ಇಡುವುದು ಕಡಿಮೆ ಮಾಡುತ್ತದೆ. ಚಿಂಚೋಳಿ, ಕಾಳಗಿ ನಿಲ್ಲಿಸಿಯೇಬಿಟ್ಟಿದ್ದವು. ಸೇಡಮ್ಮ ಮಾತ್ರ ಗೋಡೆಯಾಚೆ ದಿನ ಬಿಟ್ಟು ದಿನ ಇಡುತ್ತಿದ್ದಳು, ನನ್ನನ್ನು ಹಂಗಿಸಲೆಂದೇ.

ನಾನು ಸುಮ್ಮನಿರಲಿಲ್ಲ. ಗೂಡಿನೊಳಗೆ ಬಲ್ಬು ಹಾಕಿಸಿದೆ. ಪಾಲಿಶ್ ಮೆಟ್ಟಿಲ ಮೇಲೆ ಹಳೆಯ ಕೌದಿ ಹಾಸಿದೆ. ಸೇಡಮ್ಮ ಹಗಲು ಬಂದು ಅದರ ಮೇಲೆ ಹಿಕ್ಕೆ ಹಾಕಿ ಹೋದಳು. ಬೆಲ್ಲದ ನೀರಿಟ್ಟೆ, ಇರುವೆ ಬಂದವು. ಒಂದು ಸಂಜೆ ಅವಳ ಹಿಂದೆ ಹಿಂದೆ, ದೇವರ ಮನೆಗೆ ಹೋಗುವವಳಂತೆ ಬರಿಗಾಲಲ್ಲಿ ಹೋಗಿ ಗೋಡೆಯ ಬಿರುಕಿನಲ್ಲಿ ಕಣ್ಣಿಟ್ಟೆ. ಆಚೆ ಖಾಲಾ ಮೊರದಿಂದ ಜೋಳ ಚೆಲ್ಲುತ್ತ, ಬಹಳ ಮೆಲ್ಲಗೆ, "ಕೊ ಕೊ ಕೊ" ಅನ್ನುತ್ತಿದ್ದರು. ಅವರ ಮುಖ ನಮ್ಮ ಗೋಡೆಯ ಕಡೆಗಿತ್ತು.

ಸಿಕ್ಕಿತು ಎಂದುಕೊಂಡೆ. ಮನೆಯವರಿಗೆ ಹೇಳಿದೆ.

"ಕರದು ಕರದು ಒಯ್ಯಾಕತ್ತಾರ. ಕಣ್ಣಾರೆ ನೋಡಿದೆ."

"ಜ್ವಾಳ ನೀನೂ ಹಾಕ್ತಿ, ಅವರೂ ಹಾಕ್ತಾರ" ಎಂದರು ಅವರು ಪೇಪರಿನಿಂದ ಮುಖ ತೆಗೆಯದೆ. "ಪರಸಿ ಬಂಗಲಿ ಬಿಟ್ಟು ಗೋಣಿತಟ್ಟಿನ ಗುಡಸಲಿಗಿ ಹೋಗ್ಯಾಳಂದ್ರ ಬಂಗಲಿದಾಗೇ ಏನೋ ಐಬು ಅದ."

"ಕಟ್ಟಿದವರು ನೀವೇ."

"ಕಟ್ಟರಿ ಅಂದಾಕಿ ನೀ."

ಈಗ ಒಂದು ಹಳೆಯ ಕತೆ ಹೇಳಬೇಕು. ನನಗೆ ನನ್ನ ನೆನಪಿನ ಮೇಲೆ ಭರವಸೆ ಇಲ್ಲ. ಅದು ಪ್ರತಿ ಸಲ ಹೇಳುವಾಗಲೂ ಸೀರೆ ಬದಲಿಸಿಕೊಂಡು ಬರುತ್ತದೆ. ಆದರೂ ಗೋಡೆಯ ಬಿರುಕಿಗೆ ಕಣ್ಣಿಟ್ಟು ನಿಂತಾಗ ಪಾದಕ್ಕೆ ತಾಕಿದ ತಣ್ಣನೆಯ ಕಲ್ಲು ನನ್ನನ್ನು ನೇರ ತೆಂಗಳಿಗೆ ಎಳೆದೊಯ್ದಿತು. ತೆಂಗಳಿ ನನ್ನ ತವರು.

ಅಲ್ಲಿ ನಮ್ಮ ಪಕ್ಕದ ಮನೆಯ ಬೂಬಮ್ಮ ಎಂಬ ಹೆಂಗಸು ನಮ್ಮ ನೀಲಕ್ಕನಿಗೆ ಒಂದು ಕೋಳಿಮರಿ ಕೊಟ್ಟಿದ್ದಳು. ನೀಲಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಮರಿಯನ್ನು ನಮ್ಮ ಮನೆಯೊಳಗೆ ತರುವಂತಿರಲಿಲ್ಲ; ಬೂಬಮ್ಮನ ಒಲೆಯ ಪಕ್ಕ ಬುಟ್ಟಿಯ ಕೆಳಗೆ, ಮೇಲೊಂದು ಗೋಣಿ ಹೊದಿಸಿಕೊಂಡು ಇರುತ್ತಿತ್ತು. ಅಕ್ಕ ಹೋಗಿ ಬುಟ್ಟಿ ಎತ್ತಿದರೆ ಅವಳ ಅಂಗೈಗೆ ಹತ್ತುತ್ತಿತ್ತು. ನಾನು ಎತ್ತಿದರೆ ಬುಟ್ಟಿಯ ಆ ಮೂಲೆಗೆ ಓಡುತ್ತಿತ್ತು. ನನಗೆ ಯಾಕೆ ಕೊಡಲಿಲ್ಲ ಎಂದು ಬೂಬಮ್ಮನನ್ನು ಕೇಳಿದ್ದೆ. "ನಿನ್ನ ಕೈ ಥಂಡಿ ಅದಾವವ್ವಾ" ಎಂದಿದ್ದಳು. ಇಷ್ಟು ವರ್ಷವಾದರೂ ಯಾರಾದರೂ ಕೈಕುಲುಕಲು ಬಂದರೆ ನಾನು ಮೊದಲು ಅಂಗೈ ಉಜ್ಜಿಕೊಳ್ಳುತ್ತೇನೆ.

ಒಂದು ಬೆಳಿಗ್ಗೆ ಮರಿ ಸತ್ತಿತ್ತು. ಬೆಕ್ಕು ಬುಟ್ಟಿ ಉರುಳಿಸಿತು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಮಕ್ಕಳಿಗೂ ಹೇಳಿದ್ದೇನೆ. ಬೆಕ್ಕಿನ ಬಣ್ಣ ಕೇಳಿದರೆ ಅದನ್ನೂ ಹೇಳುತ್ತೇನೆ.

ಇಲ್ಲ, ಬೆಕ್ಕು ಇರಲಿಲ್ಲ. ಹಿಂದಿನ ಸಂಜೆ ಬೂಬಮ್ಮ ನೀರಿಗೆ ಹೋದಾಗ ನಾನು ಒಳಗೆ ಹೋಗಿ ಬುಟ್ಟಿಯ ಮೇಲಿನ ಗೋಣಿಯನ್ನು ತೆಗೆದುಕೊಂಡು ಬಂದಿದ್ದೆ. ನನ್ನ ಕಾಲಿಗೆ ಚಳಿಯಾಗುತ್ತಿತ್ತು, ನಮ್ಮ ಮನೆಯ ಪರಸಿ ನೆಲ ಕೊರೆಯುತ್ತಿತ್ತು ಎಂಬುದು ನಾನು ನನಗೇ ಕೊಟ್ಟುಕೊಂಡ ಕಾರಣ. ನಿಜವಾದ ಕಾರಣ ನಿಮಗೆ ಗೊತ್ತು.

ಮತ್ತೆ ಚಿತ್ತಾಪುರಕ್ಕೆ ಬರುತ್ತೇನೆ. ಒಂದು ಸಂಜೆ ಸೇಡಮ್ಮನ ಹಿಂದೆ ಚಿಂಚೋಳಿ, ಚಿಂಚೋಳಿಯ ಹಿಂದೆ ಕಾಳಗಿ, ಮೂವರೂ ಸಾಲಾಗಿ ಗೋಡೆ ಹತ್ತಿ ಆಚೆಗೆ ಹಾರಿದರು. ನನ್ನ ಅರಮನೆಯಲ್ಲಿ ಬಲ್ಬು ಒಂದೇ ಉರಿಯುತ್ತಿತ್ತು. ಅದನ್ನು ಆರಿಸುವಾಗ ನನಗೆ ಆದ ಅವಮಾನ ಗಂಡ ಮೊಟ್ಟೆ ಕಿಸೆಯಲ್ಲಿಟ್ಟುಕೊಂಡು ಹೋದಾಗಲೂ ಆಗಿರಲಿಲ್ಲ.

ಮರುದಿನ ನಾಲ್ಕು ಗಂಟೆಗೇ, ಬಿಸಿಲು ಇರುವಾಗಲೇ, ಮೂರನ್ನೂ ಹಿಡಿದು ಗೂಡಿಗೆ ಹಾಕಿ ಬಾಗಿಲು ಬಿಗಿದೆ. ಗಾಳಿ ಹೋಗಬಾರದೆಂದು ಜಾಳಿಗೆಯ ಮೇಲೆ ರಾಶಿ ಮುಚ್ಚುವ ಪ್ಲಾಸ್ಟಿಕ್ ತಾಡಪತ್ರಿ ಹೊದಿಸಿ, ನಾಲ್ಕೂ ಕಡೆ ಕಲ್ಲು ಹೇರಿದೆ. ಒಂದು ಸೂಜಿಯಷ್ಟು ಸಂದು ಬಿಡಲಿಲ್ಲ. ಕೋಳಿ ಇನ್ನು ಚಳಿ ಎಂದು ಹೇಳಲಿ ನೋಡೋಣ ಎಂದುಕೊಂಡೆ. ಎರಡನೆಯ ದಿನ ಅವುಗಳನ್ನು ಹೊರಗೂ ಬಿಡಲಿಲ್ಲ. ಕಾಳು, ನೀರು ಒಳಗೇ ತಳ್ಳಿದೆ.

ಅಂದು ಮಧ್ಯಾಹ್ನ ಖಾಲಾ ಗೋಡೆಯ ಹತ್ತಿರ ಬಂದರು. ಮೈಮೇಲೆ ಯಾವಾಗಲೂ ಇರುವ ಬೂದು ಶಾಲು ಇರಲಿಲ್ಲ. ಕೆಮ್ಮುತ್ತಿದ್ದರು.

"ಯಾಕ ಮಾದೇವಿ, ನಿನ್ನಿಯಿಂದ ಹುಡುಗೇರು ಯಾರೂ ಕಾಣವಲ್ರು?"

"ಮನ್ಯಾಗೇ ಅದಾರ್ರಿ. ಥಂಡಿ ಭಾಳ ಅದ, ಹೊರಗ ಬಿಡಂಗಿಲ್ಲ."

"ಹಂಗಂತೀ." ಏನೋ ಕೇಳುವವರಂತೆ ಬಾಯಿ ತೆರೆದು, "ಛಲೋ ಆತು ಬಿಡು" ಎಂದು ಒಳಗೆ ಹೋದರು.

ನಾನು ಗೆದ್ದೆ ಎಂದುಕೊಂಡೆ. ಅಂದು ನನ್ನ ರೊಟ್ಟಿ ಉಬ್ಬಿ ಉಬ್ಬಿ ಬಂದವು.

ಮೂರನೆಯ ದಿನ ಬೆಳಿಗ್ಗೆ ತಾಡಪತ್ರಿ ಎತ್ತಿದರೆ ಅದರ ಒಳಮೈಯಿಂದ ನೀರು ಸುರಿಯಿತು. ಮಳೆ ಬಂದಿರಲಿಲ್ಲ, ಅದು ಮೂರು ಕೋಳಿಗಳ ಉಸಿರು. ಮೇಲಿನ ಪರಸಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಕೌದಿ ಹಿಂಡುವಷ್ಟು ಒದ್ದೆ. ಹಿಕ್ಕೆಯ ಗಬ್ಬು ವಾಸನೆ ಕಣ್ಣಿಗೆ ಹತ್ತಿ ಉರಿಯಿತು. ಚಿಂಚೋಳಿ, ಕಾಳಗಿ ನನ್ನನ್ನು ತಳ್ಳಿಕೊಂಡೇ ಹೊರಗೆ ಓಡಿದವು. ಸೇಡಮ್ಮ ಮೂಲೆಯಲ್ಲಿ ಗರಿ ಉಬ್ಬಿಸಿಕೊಂಡು ಕುಳಿತಿದ್ದಳು. ಕಣ್ಣು ಮುಚ್ಚಿತ್ತು. ಕೆಂಪಗಿದ್ದ ಜುಟ್ಟು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಾಯಿ ತೆರೆದು, ಎಲ್ಲೋ ಒಳಗೆ ಗುಳ್ಳೆ ಒಡೆಯುವಂಥ ಸದ್ದು ಮಾಡುತ್ತ ಉಸಿರಾಡುತ್ತಿದ್ದಳು.

ನಾನು ಎತ್ತಿಕೊಂಡೆ. ಅವಳ ಪಾದ ಪರಸಿಯಷ್ಟೇ ತಣ್ಣಗಿತ್ತು. ನನ್ನ ಕೈ ಅದಕ್ಕಿಂತ ತಣ್ಣಗಿದ್ದವೋ ಏನೋ, ಅವಳು ಒಮ್ಮೆ ನಡುಗಿದಳು.

ಇದಕ್ಕೆ ಮದ್ದು ಗೊತ್ತಿದ್ದವರು ಖಾಲಾ ಒಬ್ಬರೇ. ಬೀದಿ ಸುತ್ತಿ ಅವರ ಮುಂಬಾಗಿಲಿಗೆ ಹೋಗಬೇಕು, ಬಾಯಿ ಬಿಟ್ಟು ಕೇಳಬೇಕು. ಕೋಳಿ ಸತ್ತರೂ ನನ್ನ ಮನೆಯಲ್ಲೇ ಸಾಯಲಿ ಎಂಬ ಯೋಚನೆ ಒಂದು ಕ್ಷಣ ನಿಜವಾಗಿಯೂ ಬಂತು. ಬಂತು ಎಂದು ಬರೆಯುವುದಕ್ಕೆ ಈಗಲೂ ನಾಚಿಕೆ. ಆಮೇಲೆ ಸೇಡಮ್ಮನನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿದೆ.

"ಖಾಲಾ, ನೋಡ್ರಿ ಇಕಿನ್ನ."

ಅವರು ಕೋಳಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಸೇಡಮ್ಮನ ಎದೆಗೆ ಕಿವಿ ಹಚ್ಚಿದರು. ಹಳೆಯ ಬಟ್ಟೆಯಿಂದ ಗರಿ ಒರೆಸಿದರು. ಬಿಸಿಲು ಬೀಳುವ ಕಡೆ ಒಣ ತೊಗರಿ ಹೊಟ್ಟು ಮೊಣಕೈ ಮುಳುಗುವಷ್ಟು ಸುರಿದು, ಅದರಲ್ಲಿ ಅವಳನ್ನು ಕೂರಿಸಿ, ಸುತ್ತ ಗೋಣಿ ಕಟ್ಟಿದರು. ಜುಟ್ಟಿಗೆ ಕುಸುಬಿ ಎಣ್ಣೆ ಸವರಿದರು. ಬೆಚ್ಚಗಿನ ನೀರಿಗೆ ಅಜವಾನ ಹಾಕಿ ಕುದಿಸಿ, ಆರಿಸಿ, ಬೆರಳ ತುದಿಯಿಂದ ಹನಿ ಹನಿ ಕುಡಿಸಿದರು. ಅದೆಲ್ಲ ಆದ ಮೇಲೆ ಕೇಳಿದರು.

"ಪಿಲಾಸ್ಟಿಕ್ ಮುಚ್ಚಿದ್ದೇನು?"

"ಹೂಂರಿ."

"ಥಂಡಿಗಿ ಕೋಳಿ ಹೆದರಂಗಿಲ್ಲ ಬೇಟಿ. ಅದರ ಮೈಮ್ಯಾಲ ರಜಾಯಿ ಇಟ್ಟೇ ದೇವರು ಕಳಸ್ಯಾನ. ಹಸಿ ಇರಬಾರ್ದು. ಮ್ಯಾಲ ಗಾಳಿ ಆಡಬೇಕು, ಕೆಳಗ ಮೈಗಿ ಬಡೀಬಾರ್ದು. ಮತ್ತ ಕಲ್ಲಿನ ಮ್ಯಾಲ ಯಾರರೆ ಕುಂದ್ರಸ್ತಾರೇನು? ಕಟ್ಟಿಗಿ ಹಲಗಿ ಇಡು. ಕಾಲ ಮ್ಯಾಲ ಹೊಟ್ಟಿ ಊರಿ ಕುಂದ್ರತಾವ, ಬೆರಳು ಬೆಚ್ಚಗಿರ್ತಾವ. ಸಂಜಿಗಿ ಹೊಟ್ಟಿ ತುಂಬ ಜ್ವಾಳ ಹಾಕು. ತಿಂದದ್ದು ಅರಗೋ ಮುಂದ ಮೈ ಕಾಯ್ತದ."

ಇಷ್ಟನ್ನೂ ಅವರು ನನಗೆ ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಬೇಕೆಂದು ತಲೆ ಎತ್ತಿದೆ. ಆಗ ಅವರ ಕೋಣೆಯ ಒಳಗೆ ಕಣ್ಣು ಹೋಯಿತು. ಮಂಚದ ಪಕ್ಕದಲ್ಲಿ ಒಂದು ಬುಟ್ಟಿ ಕವುಚಿತ್ತು. ಬುಟ್ಟಿಯ ಮೇಲೆ ಬೂದು ಶಾಲು. ಬುಟ್ಟಿಯ ಸಂದಿನಿಂದ ಬುಡ್ಡಿಯ ಬಿಳಿ ಗರಿ ಕಾಣುತ್ತಿತ್ತು.

ಖಾಲಾ ನನ್ನ ಕಣ್ಣು ಹೋದ ಕಡೆ ನೋಡಿದರು.

"ಒಂದೇ ಕೋಳಿಗಿ ಥಂಡಿ ಭಾಳ ಹತ್ತತದ ಮಾದೇವಿ. ಬಾಜೂಕ ಇನ್ನೊಂದು ಇರಬೇಕು. ಮುಂಗ್ಲಿ ಮೂರನ್ನ ಒಯ್ದ ಮ್ಯಾಲ ಬುಡ್ಡಿ ಹಿಡಿಹಿಡಿ ಒಣಗಾಕತ್ತಿದ್ದಳು. ಒಂದಿನ ನಿನ್ನ ಸೇಡಮ್ಮ ಗ್ವಾಡಿ ಮ್ಯಾಲ ನಿಂತಿದ್ದಳು. ಜ್ವಾಳ ಒಗದೆ. ಬಂದಳು. ಮರುದಿನಾನೂ ಒಗದೆ." ಅವರು ಗೋಣಿಯ ಅಂಚನ್ನು ಸರಿಮಾಡಿದರು. "ಕದ್ದಂಗೇ ಆತು. ನಿನಗ ಕೇಳಬೇಕಿತ್ತು. ಪರಸಿ ಬಂಗಲಿ ಇದ್ದಾಕಿಗಿ, ನಿನ್ನ ಕೋಳಿ ನನ್ನ ಗುಡಸಲಿಗಿ ಕೊಡು ಅಂತ ಹ್ಯಾಂಗ ಕೇಳಲಿ? ನಾಚಿಕಿ ಆತು."

ಇಷ್ಟು ದಿನದಿಂದ ನಾನು ಕಾಯುತ್ತಿದ್ದ ಮಾತು ಇದು. ಒಪ್ಪಿಕೊಂಡರು. ಆ ಕ್ಷಣಕ್ಕೆಂದು ನಾನು ಎಂಥೆಂಥ ಉತ್ತರಗಳನ್ನು ಸಿದ್ಧ ಮಾಡಿಟ್ಟಿದ್ದೆ! "ಶಾಲು ಹೊದ್ಕೊರಿ ಖಾಲಾ, ಕೆಮ್ಮಾಕತ್ತೀರಿ" ಎಂದೆ. ಅಷ್ಟೇ.

ಸೇಡಮ್ಮ ಉಳಿಯುತ್ತಾಳೋ ಇಲ್ಲವೋ ಸಂಜೆಯವರೆಗೆ ಹೇಳಲು ಬರುವುದಿಲ್ಲ ಎಂದರು. ಮನೆಗೆ ಬಂದೆ. ಕೆಲಸಕ್ಕೆ ಕೈ ಹೋಗಲಿಲ್ಲ. ಗೋಡೆಯ ಆಚೆ ಒಂದು ಕೋಳಿ, ತೆಂಗಳಿಯಲ್ಲಿ ಒಂದು ಮರಿ. ಮರಿಯ ಗೋಣಿ ಕಿತ್ತುಕೊಂಡಿದ್ದೆ, ಕೋಳಿಗೆ ತಾಡಪತ್ರಿ ಹೊದಿಸಿದ್ದೆ. ತಡೆಯಲಾಗದೆ ನೀಲಕ್ಕನಿಗೆ ಫೋನು ಮಾಡಿದೆ. ಅವಳು ಚಿಂಚೋಳಿಯಲ್ಲಿರುತ್ತಾಳೆ, ಮಧ್ಯಾಹ್ನ ಅವಳ ಟಿವಿಯ ಹೊತ್ತು.

"ಅಕ್ಕಾ, ನಿಂದೊಂದು ಕೋಳಿಮರಿ ಇತ್ತಲ್ಲ, ಬೂಬಮ್ಮ ಕೊಟ್ಟದ್ದು. ಅದನ್ನ ನಾನೇ ಕೊಂದೆ. ಬೆಕ್ಕಲ್ಲ. ಗೋಣಿ ನಾನು ತೆಗೆದೆ."

ಆ ಕಡೆ ಟಿವಿಯ ಸದ್ದು ಕಡಿಮೆಯಾಯಿತು.

"ಏನಾಗ್ಯಾದ ನಿನಗ? ಯಾವ ಬೆಕ್ಕು? ಆ ಮರಿ ಎಲ್ಲಿ ಸತ್ತಿತ್ತು? ಭೇಷ್ ದೊಡ್ಡದಾಗಿ ವರ್ಷಗಟ್ಟಲೆ ತತ್ತಿ ಇಟ್ಟಿತ್ತಲ್ಲ. ಬೂಬಮ್ಮ ತತ್ತಿ ಮಾರಿ ನನಗ ಹಸರ ರಿಬ್ಬನ್ ತಂದು ಕೊಟ್ಟಿದ್ದಳು."

"ಗೋಣಿ? ನನ್ನ ಕಾಲಿಗಿ ಪರಸಿ ಥಂಡಿ ಹತ್ತತಿತ್ತಂತ..."

"ಆವಾಗ ನಮ್ಮನ್ಯಾಗ ಪರಸಿ ಎಲ್ಲಿತ್ತು? ಸಗಣಿ ಸಾರಿಸಿದ ನೆಲ. ಪರಸಿ ಹಾಕ್ಸಿದ್ದು ನನ್ನ ಲಗ್ನದ ವರ್ಷ. ಮಾದೇವಿ, ಊಟ ಮಾಡಿದಿಲ್ಲೋ?"

ಫೋನಿಟ್ಟೆ. ಯಾರ ನೆನಪು ಸರಿ? ಕೇಳಲು ಬೂಬಮ್ಮ ಇಲ್ಲ. ಅಕ್ಕ ಹೇಳಿದ್ದೇ ನಿಜವಾದರೆ ನಾನು ಮಾಡದ ಕೊಲೆಯೊಂದನ್ನು ಅರವತ್ತರ ಹತ್ತಿರದವರೆಗೂ ಹೊತ್ತುಕೊಂಡು ಬಂದಿದ್ದೇನೆ, ಅದಕ್ಕೊಂದು ಬೆಕ್ಕನ್ನೂ ಸಾಕಿಕೊಂಡಿದ್ದೇನೆ. ಹಗುರವಾಗಬೇಕಿತ್ತು. ಆಗಲಿಲ್ಲ. ನನ್ನ ನೆನಪಿನಲ್ಲಿ ಸತ್ತುಬಿದ್ದ ಮರಿ ಅವಳ ನೆನಪಿನಲ್ಲಿ ವರ್ಷಗಟ್ಟಲೆ ಮೊಟ್ಟೆ ಇಟ್ಟಿದೆ. ಮೇಲೆ ಹಸಿರು ರಿಬ್ಬನ್ ಬೇರೆ. ನಂಬುತ್ತೀರೋ ಇಲ್ಲವೋ, ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಸಂಜೆ ಐದರ ಹೊತ್ತಿಗೆ ಖಾಲಾ ಮೊದಲ ಬಾರಿಗೆ ಗೋಡೆಯ ಮೇಲಿಂದ ಕೂಗಿದರು. "ಮಾದೇವಿ! ಕುಕ್ಕಿದಳು! ನನ್ನ ಬೆರಳಿಗೇ ಕುಕ್ಕಿದಳು!"

ಮರುದಿನ ಮನೆಯವರು ಮೂವತ್ತು ವರ್ಷದ ಅನುಭವವನ್ನೆಲ್ಲ ಒಗ್ಗೂಡಿಸಿ ತಮ್ಮ ಅರಮನೆಯನ್ನು ಒಡೆದರು. ಎದುರು ಬದುರಿನ ಗೋಡೆಗಳಲ್ಲಿ ಮೇಲಿನ ಸಾಲಿನ ಪರಸಿ ತೆಗೆದು, ಅಲ್ಲಿ ಮುಂಗುಸಿ ನುಗ್ಗದಂತೆ ಜಾಳಿಗೆ ಬಡಿದರು. ಗಾಳಿ ಬರುವ ದಿಕ್ಕಿಗೆ ತೊಗರಿ ಕಟ್ಟಿಗೆಯ ತಡಿಕೆ. ಪಾಲಿಶ್ ಮೆಟ್ಟಿಲು ಹೊರಗೆ, ಅಂಗೈ ಅಗಲದ ಮರದ ಹಲಗೆ ಒಳಗೆ. ನೆಲಕ್ಕೆ ಗೇಣುದ್ದ ಹೊಟ್ಟು. ಖಾಲಾ ಗೋಡೆಯಾಚೆ ಸ್ಟೂಲಿನ ಮೇಲೆ ನಿಂತು, "ಇನ್ನಾ ಮ್ಯಾಲ, ಇನ್ನಾ ಮ್ಯಾಲ" ಎಂದು ಮೇಸ್ತ್ರಿಕೆ ಮಾಡಿದರು. ತೆಗೆದ ಪಾಲಿಶ್ ಹಲಗೆಯ ಮೇಲೆ ಈಗ ಮನೆಯವರು ಕುಳಿತು ಬಿಸಿಲು ಕಾಯುತ್ತಾರೆ. ಖಾಲಾ ಅವರ ಮನೆಗೆ ಹೋಗುವುದನ್ನೇನೂ ಬಿಟ್ಟಿಲ್ಲ.

ಬುಡ್ಡಿಯನ್ನೂ ನಮ್ಮ ಗೂಡಿಗೇ ತಂದುಬಿಡೋಣ ಎಂದು ನಾನೇ ಹೇಳಿದೆ. ದೊಡ್ಡ ಮನಸ್ಸಿನಿಂದ ಹೇಳಿದೆ ಎಂದು ಬರೆಯಲು ಕೈ ಬರುತ್ತಿದೆ. ನಾಲ್ಕೂ ನನ್ನ ಮನೆಯಲ್ಲೇ ಇರಲಿ ಎಂಬ ಆಸೆಯೂ ಅದರಲ್ಲಿತ್ತು. ಖಾಲಾ ತಂದುಬಿಟ್ಟರು. ಬುಡ್ಡಿ ಒಳಗೆ ಕಾಲಿಟ್ಟದ್ದೇ ತಡ, ಚಿಂಚೋಳಿ ಹಾರಿ ಬಂದು ಅವಳ ತಲೆ ಕುಕ್ಕಿದಳು. ಕಾಳಗಿ ಹಿಂದಿನಿಂದ ಬಾಲ ಕಿತ್ತಳು. ತಮ್ಮ ಮನೆಗೆ ಬಂದವಳಿಗೆ ಜಾಗ ಕೊಡಲು ಅವರಿಗೆ ಆಗಲಿಲ್ಲ. ರಕ್ತ ಬಂತು. ಖಾಲಾ ಬುಡ್ಡಿಯನ್ನು ಎತ್ತಿಕೊಂಡರು. "ಇರಲಿ ಬಿಡು, ಅವಕ್ಕೂ ಹೊಟ್ಟಿಕಿಚ್ಚು ಇರ್ತದ" ಎಂದರು. ನನ್ನ ಮುಖ ನೋಡದೆ ಹೇಳಿದ್ದು ಅವರ ದೊಡ್ಡತನ.

ಸೇಡಮ್ಮ ಪೂರ್ತಿ ಚೇತರಿಸಿಕೊಂಡು ಮನೆಗೆ ಬಂದ ದಿನದ ಸಂಜೆ ನಾನು ಹಿತ್ತಲಲ್ಲಿ ಅಕ್ಕಿ ಆರಿಸುವ ನೆಪದಲ್ಲಿ ಕುಳಿತಿದ್ದೆ. ಕರೆಯಲಿಲ್ಲ. ಜೋಳ ಚೆಲ್ಲಲಿಲ್ಲ. ಹೊತ್ತು ಇಳಿಯಿತು, ಗಾಳಿ ಎದ್ದಿತು. ಚಿಂಚೋಳಿ ಒಳಗೆ ಹೋದಳು. ಕಾಳಗಿ ಒಳಗೆ ಹೋದಳು. ಸೇಡಮ್ಮ ಗೋಡೆಯ ಬುಡಕ್ಕೆ ಹೋಗಿ ಕುತ್ತಿಗೆ ಎತ್ತಿ ನೋಡಿದಳು. ಗೋಡೆಯಾಚೆ ಸದ್ದಿಲ್ಲ, ಖಾಲಾ ಬೇಕೆಂದೇ ಹೊರಗೆ ಬಂದಿರಲಿಲ್ಲ. ಸೇಡಮ್ಮ ತಿರುಗಿದಳು. ತಹಸೀಲ್ದಾರರ ನಡಿಗೆಯಲ್ಲಿ ಅಂಗಳ ದಾಟಿ, ಗೂಡಿನ ಬಾಗಿಲಲ್ಲಿ ಒಂದು ಕ್ಷಣ ನಿಂತು, ಒಳಗೆ ಹೋಗಿ ಹಲಗೆ ಹತ್ತಿದಳು. ಪಾದದ ಮೇಲೆ ಹೊಟ್ಟೆ ಊರಿ ಕುಳಿತಳು.

ನನ್ನ ಮನೆ. ತಾನಾಗಿಯೇ. ಎಷ್ಟು ದಿನದಿಂದ ಇದನ್ನು ನೋಡಲು ಕಾದಿದ್ದೆ! ಓಡಿಹೋಗಿ ಮನೆಯವರನ್ನು ಕರೆಯಬೇಕೆನಿಸಿತು.

ಬಾಗಿಲು ಹಾಕಲು ಬಗ್ಗಿದಾಗ ಆಚೆ ಖಾಲಾ ಕೆಮ್ಮಿದರು. ಶಾಲು ಇವತ್ತೂ ಬುಟ್ಟಿಯ ಮೇಲೇ ಇರಬೇಕು.

ಅಂಗೈಗಳನ್ನು ಚೆನ್ನಾಗಿ ಉಜ್ಜಿಕೊಂಡೆ. ಸೇಡಮ್ಮನನ್ನು ಎತ್ತಿಕೊಂಡು ಗೋಡೆಯ ಹತ್ತಿರ ಹೋದೆ.

"ಖಾಲಾ, ಬರ್ರಿ. ಹಿಡ್ಕೊರಿ ಇಕಿನ್ನ."

ಅವರು ಬಂದರು. ನನ್ನನ್ನೂ ಕೋಳಿಯನ್ನೂ ನೋಡಿದರು. "ಒಳಗ ಕುಂತಿದ್ದಳಲ್ಲ ಮಾದೇವಿ. ನಾ ಕಿಟಕ್ಯಾಗಿಂದ ನೋಡಿದೆ."

"ಥಂಡಿ ಮುಗಿಯೂತನಕ ಅಷ್ಟೇರಿ."

"ಹೂಂ, ಥಂಡಿ ಮುಗಿಯೂತನಕ." ಎರಡೂ ಕೈ ಚಾಚಿ ತೆಗೆದುಕೊಂಡರು. "ಹಿಂಡಿ ಒಂದೀಟು ಖಾರ ಕಮ್ಮಿ ಮಾಡು ಇನ್ನ. ಸೊಸಿ ಕಣ್ಣಾಗ ನೀರು ತಗೀತಾಳ."

ಕೋಣೆಯಿಂದ ಬುಡ್ಡಿಯನ್ನೂ ತಂದು, ದರ್ಬಾದ ಗೋಣಿ ಸರಿಸಿ ಇಬ್ಬರನ್ನೂ ಒಳಗೆ ಬಿಟ್ಟರು. ಸೇಡಮ್ಮ ಪೆಟ್ಟಿಗೆಯ ಅಂಚಿನ ಮೇಲೆ ಬುಡ್ಡಿಯ ಕಡೆಗೆ ಸರಿದು ಸರಿದು, ರೆಕ್ಕೆ ಸಡಿಲಿಸಿ, ಅವಳಿಗೆ ಮೈ ತಾಗಿಸಿ ಕುಳಿತಳು. ಬುಡ್ಡಿ ಕಣ್ಣು ಮುಚ್ಚಿದಳು. ನಾನು ಇನ್ನೂ ಗೋಡೆಯ ಹತ್ತಿರವೇ ನಿಂತಿದ್ದೆ.

ಸೇಡಮ್ಮ ಒಮ್ಮೆಯಾದರೂ ತಿರುಗಿ ನೋಡಬಹುದಿತ್ತು.